ಚಂದ್ರನಾಥರ ಬೆನ್ನುಹಲಗೆ

ಹಳೇಬೀಡಿನ ಸೊಸೈಟಿಯ ಸೆಕ್ರೆಟರಿ ಚಂದ್ರನಾಥರು ಜೀವಮಾನದಲ್ಲಿ ಒಂದು ಸುಳ್ಳನ್ನೂ ಹೇಳಿದವರಲ್ಲ. ಬಸ್ತಿಹಳ್ಳಿಯ ಜೈನ ಮನೆತನದಲ್ಲಿ ಹುಟ್ಟಿ, ಸತ್ಯದ ಅಣುವ್ರತವನ್ನು ಹಿರಿಯರ ಮುಂದೆ ತೆಗೆದುಕೊಂಡು, ಅದನ್ನು ಅಚ್ಚುಕಟ್ಟಾಗಿ ನಡೆಸಿಕೊಂಡು ಬಂದವರು. ಆದರೆ ಎದುರಿಗಿರುವವರು ತಾವಾಗಿಯೇ ತಪ್ಪು ತಿಳಿದುಕೊಂಡರೆ ಅವರನ್ನು ತಿದ್ದಬೇಕೆಂದು ಯಾವ ವ್ರತದಲ್ಲೂ ಹೇಳಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ಅವರಿಗೆ ಬಂದ ಕಷ್ಟವೆಲ್ಲ ಈ ಅಭಿಪ್ರಾಯದಿಂದಲೇ ಬಂತು.

ಪ್ರಾಯದಲ್ಲಿ ಅವರು ಮಂಗಳೂರಿನಲ್ಲಿ ಹೊಸ ಬಂದರು ಕಟ್ಟುವಾಗ ಒಬ್ಬ ಕಂಟ್ರಾಕ್ಟರನ ಬಳಿ ಕೆಲಸಕ್ಕಿದ್ದರು. ಕಂಟ್ರಾಕ್ಟರನ ಆಳುಗಳು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲಿಗೆ ಮುಳುಗಿ ತಳದಲ್ಲಿ ಕೆಲಸ ಮಾಡುತ್ತಿದ್ದರು. ಚಂದ್ರನಾಥರು ಇದ್ದದ್ದು ಸ್ಟೋರಿನಲ್ಲಿ. ಮುಳುಗುವವರಿಗೆ ಸಾಮಾನು ಎಣಿಸಿ ಕೊಡುವುದು, ಹಿಂದಕ್ಕೆ ಬಂದದ್ದನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಹಾಕುವುದು, ಇಷ್ಟೇ ಅವರ ಉದ್ಯೋಗ. ಕಡಲಿಗೆ ಅವರು ಪಾದವನ್ನೂ ಅದ್ದಿರಲಿಲ್ಲ. ಮೇಲ್ವಿಚಾರಕನಾಗಿದ್ದ ನಾರ್ವೆ ದೇಶದ ಸಾಹೇಬನೊಬ್ಬ ಮಾತ್ರ ದಿನಾ ಸಂಜೆ ಸ್ಟೋರಿನ ಮೆಟ್ಟಿಲ ಮೇಲೆ ಕೂತು ತನ್ನ ಊರಿನ ಹಿಮದ ನೀರನ್ನು ನೆನೆಯುತ್ತಿದ್ದ. ತಣ್ಣೀರಿನಲ್ಲಿ ಮುಳುಗುವವನ ಬೆನ್ನಿಗೆ ಎಂಥ ಪ್ಲೇಟಿರಬೇಕು, ಪ್ಲೇಟಿಗೂ ಸಿಲಿಂಡರಿಗೂ ನಡುವೆ ಎಂಥ ವಿಂಗಿರಬೇಕು ಎಂಬುದನ್ನು ಬಿಟ್ಟು ಅವನಿಗೆ ಬೇರೆ ಮಾತಿರಲಿಲ್ಲ. ಪ್ಲೇಟು ಎಂದರೆ ಬೆನ್ನಿಗೆ ಆತುಕೊಂಡು ಕೂರುವ ಲೋಹದ ಹಲಗೆ; ಸಿಲಿಂಡರು, ಪಟ್ಟಿ ಎಲ್ಲವೂ ಅದಕ್ಕೇ ಬಿಗಿಯುತ್ತವೆ. ವಿಂಗು ಎಂದರೆ ಅದರ ಹಿಂದಿನ ರಬ್ಬರಿನ ಗಾಳಿಚೀಲ. ಗಾಳಿ ತುಂಬಿದರೆ ಮನುಷ್ಯ ತೇಲುತ್ತಾನೆ, ಬಿಟ್ಟರೆ ಮುಳುಗುತ್ತಾನೆ. ಸಾಹೇಬನ ಇಂಗ್ಲಿಷು ಚಂದ್ರನಾಥರಿಗೆ ಅರ್ಧ ತಿಳಿಯುತ್ತಿತ್ತು. ತಿಳಿದದ್ದನ್ನು ಒಂದಕ್ಷರ ಬಿಡದೆ ತಲೆಯಲ್ಲಿ ಇಟ್ಟುಕೊಂಡಿದ್ದರು.

ಊರಿಗೆ ಹಿಂದಿರುಗಿ ಸೊಸೈಟಿ ಸೇರಿದ ಮೇಲೆ, ಮದುವೆ ಮನೆಗಳಲ್ಲಿ ಎಲೆ ಹಾಕುವವರೆಗೆ ಹೊತ್ತು ಹೋಗಬೇಕಲ್ಲ, ಚಂದ್ರನಾಥರು ಕಡಲ ತಳದ ವಿಚಾರ ಎತ್ತುವರು. "ಬಹಳ ಆಳಕ್ಕೆ ಹೋದ್ರೆ ಕೆಂಪು ಬಣ್ಣ ಅನ್ನೋದೇ ಕಾಣಲ್ಲ. ಕೈ ಕುಯ್ದುಕೊಂಡ್ರೆ ರಕ್ತ ಹಸಿರಾಗಿ ಕಾಣುತ್ತೆ" ಎಂದು ಹೇಳಿ ಗಂಭೀರವಾಗಿ ಸುಮ್ಮನಾಗುವರು. ಅದು ಸತ್ಯವೇ. "ನಿಮಗೆ ಹೆದರಿಕೆ ಆಗ್ಲಿಲ್ವೇ?" ಎಂದು ಯಾರಾದರೂ ಕೇಳಿದರೆ, "ಹೆದರೋರಿಗೆ ಹೇಳಿಸಿದ ಕೆಲಸ ಅಲ್ಲ ಅದು" ಎನ್ನುವರು. ಅದೂ ಸತ್ಯವೇ. ಬಚ್ಚಲಲ್ಲಿ ತಲೆಗೆ ನೀರು ಹುಯ್ಯುವಾಗ ಈ ಗಂಡಸು ಮೂಗು ಹಿಡಿದುಕೊಂಡು ಕಣ್ಣು ಮುಚ್ಚುತ್ತಾರೆಂಬುದು ಹೆಂಡತಿ ಜಯಮಾಲಾ ಒಬ್ಬರಿಗೇ ಗೊತ್ತಿತ್ತು. ಗಂಡನ ಮರ್ಯಾದೆ ಮನೆಯ ಮರ್ಯಾದೆ ಎಂದು ಆಕೆ ಬಾಯಿ ಬಿಟ್ಟಿರಲಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿರಲಾಗಿ, ಒಂದು ಧನುರ್ಮಾಸದಲ್ಲಿ ಶಿವಗಂಗಮ್ಮನ ಹೊಲಿಗೆ ಮಿಷನ್ನು ಕೆರೆಗೆ ಬಿತ್ತು.

ಶಿವಗಂಗಮ್ಮ ಬಸ್‌ಸ್ಟಾಂಡಿನ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಆ ಕಾಲಲ್ಲಿ ತುಳಿಯುವ ಮಿಷನ್ನಿನಿಂದಲೇ ಆಕೆಯ ಒಲೆ ಉರಿಯುತ್ತಿತ್ತು. ಅದನ್ನು ರಿಪೇರಿಗೆಂದು ಅರಸೀಕೆರೆಗೆ ಕಳಿಸಿದ್ದರು. ರಿಪೇರಿಯಾಗಿ ಬಂದ ಮಿಷನ್ನನ್ನು ಗಿಡ್ಡಪ್ಪ ತನ್ನ ಗಾಡಿಯಲ್ಲಿ ಹೇರಿಕೊಂಡು ಕೆರೆ ಏರಿಯ ಮೇಲೆ ಬರುತ್ತಿದ್ದಾಗ, ದೇವಸ್ಥಾನ ನೋಡಲು ಬಂದ ಟೂರಿಸ್ಟು ಬಸ್ಸೊಂದು ಹಾರನ್ನು ಹಾಕಿತು. ಎತ್ತು ಬೆದರಿತು, ಗಾಡಿ ವಾಲಿತು, ಮಿಷನ್ನು ಏರಿಯ ಕಲ್ಲುಗಳ ಮೇಲೆ ಜಾರಿ ತೂಬಿನ ಪಕ್ಕದ ಮಡುವಿಗೆ ಇಳಿದುಹೋಯಿತು. ಅಲ್ಲಿ ಮೂರಾಳು ನೀರು. ಗಿಡ್ಡಪ್ಪ ಒಳ್ಳೆಯ ಈಜುಗಾರ, ತಪ್ಪು ತನ್ನದೆಂಬ ಸಂಕಟ ಬೇರೆ; ತುಟಿ ನೀಲಿಯಾಗುವವರೆಗೂ ಮುಳುಗಿ ಮುಳುಗಿ ಎದ್ದ. ಕಾಲಿಗೆ ತಗಲಿತು, ಕೈಗೆ ಸಿಗಲಿಲ್ಲ, ಅಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನೂ ಬಿಟ್ಟು ನೋಡಿದರು. ಅದಕ್ಕೆ ಪಾಚಿ ಸಿಕ್ಕಿತು, ಯಾವುದೋ ಕಾಲದ ತೂತು ಬಿಂದಿಗೆ ಸಿಕ್ಕಿತು, ಮಿಷನ್ನು ಸಿಗಲಿಲ್ಲ.

ಪಂಚಾಯ್ತಿ ಚೇರ್ಮನ್ ದೇವೀರಪ್ಪ ಹಣೆ ಬಡಿದುಕೊಂಡರು. "ಅಲ್ರಯ್ಯಾ, ಸಮುದ್ರದ ತಳ ಕಂಡ ಮನುಷ್ಯನ್ನ ಊರಲ್ಲಿ ಇಟ್ಕಂಡು ಬಿಂದಿಗೆ ಎತ್ತತಾ ಕುಂತಿದೀರಲ್ಲ!"

ಇಡೀ ಏರಿ ಎದ್ದು ಸೊಸೈಟಿಗೆ ಬಂತು. ಚಂದ್ರನಾಥರು ಗೊಬ್ಬರದ ಚೀಲಗಳ ಮಧ್ಯೆ ಕೂತಿದ್ದರು. ದೇವೀರಪ್ಪ ನಡೆದದ್ದನ್ನು ಹೇಳಿ, "ಸೆಕ್ರೆಟ್ರಿಗಳೇ, ನಮ್ಮ ಕೆರೆ ನಿಮಗೆ ಯಾವ ಲೆಕ್ಕ? ಒಂದ್ಸಲ ಇಳಿದು ಎದ್ಬುಡಿ" ಎಂದರು. ನಿಜ ಹೇಳಲು ಚಂದ್ರನಾಥರು ಬಾಯಿ ತೆರೆದರು. ಆ ಕ್ಷಣದಲ್ಲೇ ಗುಂಪಿನ ಹಿಂದೆ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದ ಶಿವಗಂಗಮ್ಮ ಕೈಮುಗಿದರು. ತೆರೆದ ಬಾಯಿಯಿಂದ ಬೇರೆಯೇ ಮಾತು ಬಂತು.

"ಬರೀ ಮೈಯಲ್ಲಿ ಇಳಿಯೋ ಕೆಲಸ ಅಲ್ಲ ಚೇರ್ಮನ್ರೇ. ಸಿಲಿಂಡರ್ ಬೇಕು, ಬಾಯಿಗೆ ಗಾಳಿ ಕೊಡೋ ಯಂತ್ರ ಬೇಕು, ರಬ್ಬರ್ ಅಂಗಿ ಬೇಕು. ಈ ಸೀಮೇಲಿ ಎಲ್ಲಿದೆ ಅವೆಲ್ಲ?"

ಇದರೊಂದಿಗೆ ವಿಷಯ ಮುಗಿಯಿತೆಂದು ಅವರು ನೆಮ್ಮದಿಯಿಂದ ಊಟಕ್ಕೆ ಎದ್ದರು. ದೇವೀರಪ್ಪ ಅಂಚೆ ಕಚೇರಿಗೆ ಹೋಗಿ ಮಂಗಳೂರಿಗೆ ಟ್ರಂಕ್ ಕಾಲ್ ಹಾಕಿಸಿದರು. ಹಳೆಯ ಕಂಟ್ರಾಕ್ಟರು ಇನ್ನೂ ಇದ್ದ, ಧಾರಾಳ ಮನುಷ್ಯನೂ ಆಗಿದ್ದ. ಅದೇ ವಾರ ಮಂಗಳೂರು ಹೆಂಚು ಹೇರಿಕೊಂಡು ಬಂದ ಲಾರಿಯಲ್ಲಿ, ಹೆಂಚುಗಳ ನಡುವೆ ಒಣಹುಲ್ಲಿನಲ್ಲಿ ಸುತ್ತಿ, ಸಿಲಿಂಡರು, ಯಂತ್ರ, ಕನ್ನಡಕ, ರಬ್ಬರಿನ ಅಂಗಿ ಎಲ್ಲವೂ ಸೊಸೈಟಿಯ ಬಾಗಿಲಿಗೆ ಬಂದು ನಿಂತವು. ಡ್ರೈವರು ಒಂದು ಮಾತು ಹೇಳಿದ: "ಪ್ಲೇಟು, ವಿಂಗು ಕಳ್ಸಿಲ್ಲವಂತೆ. ಅದು ಅವರವರ ಮೈಯಳತೆಗೆ ಅವರವರೇ ಆರಿಸ್ಕೊಳ್ಬೇಕಂತೆ."

ಬೆವರಿ ನಿಂತಿದ್ದ ಚಂದ್ರನಾಥರಿಗೆ ಹೋದ ಜೀವ ಬಂದಂತಾಯಿತು.

"ಕೇಳಿದ್ರಾ?" ಎಂದರು. "ಇಡೀ ವಿದ್ಯೆ ಇರೋದೇ ಅಲ್ಲಿ. ಪ್ಲೇಟು ಸರಿಯಾಗಿ ಆರಿಸದೆ ತಣ್ಣೀರಿಗೆ ಇಳಿದವನು ಮೇಲೆ ಬರೋದಿಲ್ಲ."

ಗಿಡ್ಡಪ್ಪ ಮುಂದೆ ಬಂದು, "ಬುದ್ದಿ, ಪಿಲೇಟು ಗಿಲೇಟು ಬ್ಯಾಡ, ಆ ಅಂಡೇವ ನನ್ನ ಬೆನ್ನಿಗೆ ಹಗ್ಗದಾಗೆ ಕಟ್ಬುಡಿ, ನಾ ಇಳೀತೀನಿ" ಎಂದ.

"ಗಿಡ್ಡಪ್ಪಾ, ಕಲೀದೋರು ಇದನ್ನ ಕಟ್ಕೊಂಡು ಇಳಿದು, ಮೇಲೆ ಬರುವಾಗ ಉಸಿರು ಬಿಗಿಹಿಡಿದ್ರೆ ಎದೆ ಒಳಗೇ ಒಡೆದುಹೋಗುತ್ತೆ" ಎಂದರು ಚಂದ್ರನಾಥರು. ಇದೂ ಸತ್ಯವೇ, ಸಾಹೇಬ ಹೇಳಿದ್ದೇ. ಗಿಡ್ಡಪ್ಪ ಎದೆ ಮುಟ್ಟಿ ನೋಡಿಕೊಂಡು ಹಿಂದಕ್ಕೆ ಸರಿದ. ಹೀಗೆ, ಇಳಿಯಬಲ್ಲ ಒಬ್ಬನನ್ನು ಇಳಿಯಲಾರದ ಒಬ್ಬರು ಸತ್ಯ ಹೇಳಿಯೇ ತಡೆದರು.

ಅಂದಿನಿಂದ ಊರಿಗೆ ಊರೇ ಪ್ಲೇಟು ಆರಿಸಲು ನಿಂತಿತು. ಮದುವೆಗೆ ಹೆಣ್ಣು ನೋಡುವಾಗಲೂ ಅಷ್ಟು ಚರ್ಚೆ ನಡೆದಿರಲಿಲ್ಲ. ಬೇಲೂರಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಚಂದ್ರನಾಥರ ಮಾವ ಪದ್ಮಣ್ಣನವರಿಗೆ ಸುದ್ದಿ ಮುಟ್ಟಿ, ಅವರು ಮಾರನೆಯ ಬಸ್ಸಿಗೇ ಒಂದು ದೊಡ್ಡ ಅಲ್ಯೂಮಿನಿಯಂ ಹರಿವಾಣವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು.

"ಅಳಿಯಂದಿರೇ, ಇದನ್ನ ಬಡಿದು ಚಪ್ಪಟೆ ಮಾಡಿಸಿ. ಹಗುರ. ತುಕ್ಕಿಲ್ಲ, ಕಿಲುಬಿಲ್ಲ."

"ಹಗುರವಾಗಿರೋದೇ ದೋಷ ಮಾವನವರೇ. ಚಳಿನೀರಲ್ಲಿ ದಪ್ಪ ರಬ್ಬರ್ ಅಂಗಿ ಹಾಕ್ತಾರೆ. ಆ ಅಂಗಿ ತೇಲುತ್ತೆ. ತೇಲೋದನ್ನ ಒಳಕ್ಕೆ ಎಳೀಬೇಕಾದ್ರೆ ಪ್ಲೇಟು ಭಾರವಾಗಿರಬೇಕು. ಅಲ್ಯೂಮಿನಿಯಂ ಬಿಸಿಲು ದೇಶದೋರಿಗೆ, ತೆಳು ಅಂಗಿಯೋರಿಗೆ."

ಪದ್ಮಣ್ಣನವರು ಹರಿವಾಣ ತಿರುಗಿಸಿ ನೋಡಿದರು. ಅಳಿಯ ಇಷ್ಟು ತಿಳಿದವನೆಂದು ಅವರಿಗೆ ಮದುವೆಯಾದಂದಿನಿಂದ ಗೊತ್ತಿರಲಿಲ್ಲ. ಹೊರಗೆ ಬಂದು ಬೀದಿಯವರಿಗೆಲ್ಲ, "ಬಿಸಿಲು ದೇಶದೋರಿಗಂತೆ" ಎಂದು ವಿವರಿಸಿ ಹೇಳಿದರು.

ದೇವೀರಪ್ಪ ಅರಸೀಕೆರೆಯ ಲಾರಿ ಷೆಡ್ಡಿನಿಂದ ಉಕ್ಕಿನ ಮಡ್‌ಗಾರ್ಡ್ ಒಂದನ್ನು ಕತ್ತರಿಸಿ ತರಿಸಿದರು. ಅದು ಭಾರವಾಗಿಯೇ ಇತ್ತು. ಚಂದ್ರನಾಥರು ಅದನ್ನು ಬೆನ್ನಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ನಿಂತು, "ಬಾಗು ಸರಿಯಿಲ್ಲ" ಎಂದರು. "ಬೆನ್ನುಹುರಿ ಕೂರೋದಕ್ಕೆ ನಡುವೆ ಕಾಲುವೆ ಇರಬೇಕು. ಮೇಲೆ ಅಗಲ, ಕೆಳಗೆ ಸಣ್ಣ. ಒಬ್ಬೊಬ್ಬರ ಬೆನ್ನೂ ಬೇರೆ ಚೇರ್ಮನ್ರೇ." ಗುಂಪಿನಲ್ಲಿದ್ದವರೆಲ್ಲ ಪಕ್ಕದವರ ಬೆನ್ನು ನೋಡಿದರು. ಮಾತು ನಿಜವೆಂದು ಎಲ್ಲರಿಗೂ ಕಂಡಿತು.

ಆಗ ಕಲ್ಲೇಶಪ್ಪ ಎದ್ದರು. ದೇವಸ್ಥಾನದ ಬಾಗಿಲಲ್ಲಿ ಟೂರಿಸ್ಟರಿಗೆ ಬಳಪದ ಕಲ್ಲಿನಲ್ಲಿ ವಿಗ್ರಹ ಕೆತ್ತಿ ಮಾರುವವರು ಅವರು. "ಭಾರ ಬೇಕು, ಬೆನ್ನಿನ ಅಳತೇಗೆ ಬಾಗು ಬೇಕು, ಕಾಲುವೆ ಬೇಕು. ತುಕ್ಕು ಹಿಡೀಬಾರ್ದು. ಹಂಗಾದ್ರೆ ಕಲ್ಲು ಬಿಟ್ರೆ ಇನ್ನೇನೈತೆ? ಈ ಊರಾಗೆ ಕಬ್ಬಿಣ, ತಗಡು ಅಂತ ಕುಂತ್ಕಂಡಿದ್ದೇ ನಮಗೆ ಅವಮಾನ."

ಚಂದ್ರನಾಥರು ಹಿಗ್ಗಿಹೋದರು. ಕಲ್ಲೇಶಪ್ಪ ಒಬ್ಬ ವಿದೇಶಿ ಹೆಂಗಸಿಗೆ ಒಪ್ಪಿಕೊಂಡಿದ್ದ ಅಂಗೈಯಗಲದ ಗಣಪತಿಗೆ ಎರಡು ವರ್ಷವಾದರೂ ಸೊಂಡಿಲು ಬಂದಿರಲಿಲ್ಲ. ಬೆನ್ನಗಲದ ಕಲ್ಲು ಮುಗಿಯುವುದರೊಳಗೆ ತಾವು ನಿವೃತ್ತರಾಗಿರುತ್ತೇವೆಂದು ಲೆಕ್ಕ ಹಾಕಿ, "ಕಲ್ಲೇಶಪ್ಪಾ, ನೀನು ತಜ್ಞ" ಎಂದರು. ಅಂಗಿ ಬಿಚ್ಚಿ, ಕಂಬ ಹಿಡಿದು ನಿಂತು ಬೆನ್ನಿನ ಅಳತೆ ಕೊಟ್ಟರು.

ಈ ನಡುವೆ ವಿಂಗು ಸಿದ್ಧವಾಯಿತು. ಅರಸೀಕೆರೆಯ ಪಂಕ್ಚರ್ ಅಂಗಡಿಯವನು ಲಾರಿಯ ಟ್ಯೂಬನ್ನು ಕತ್ತರಿಸಿ, ಕುದುರೆಲಾಳದ ಆಕಾರಕ್ಕೆ ಅಂಟಿಸಿ, ಗಾಳಿ ಬಿಡಲು ಒಂದು ಬಿರಟೆ, ಬಿರಟೆಗೆ ಒಂದು ದಾರ ಕಟ್ಟಿಕೊಟ್ಟ. "ಒಂದೇ ಸಿಲಿಂಡರಿಗೆ ಇಷ್ಟು ಅಗಲ ಆಗಬಾರದು, ರೊಟ್ಟಿ ಥರ ಮಡಚಿಕೊಳ್ಳುತ್ತೆ" ಎಂದು ಚಂದ್ರನಾಥರು ಎರಡು ಸಲ ಹಿಂದಕ್ಕೆ ಕಳಿಸಿದರು. ಎರಡು ಸಲವೂ ಅವನು ತಕರಾರಿಲ್ಲದೆ ಸರಿಮಾಡಿ ಕಳಿಸಿದ. ಪಟ್ಟಿಗೆ ಎತ್ತಿನ ಮಿಣಿಯ ಚರ್ಮ ಆಗಬಹುದೆಂದು ದೇವೀರಪ್ಪ ಹೇಳಿದಾಗ ಮಾತ್ರ ಜಯಮಾಲಾ ಒಳಗಿನಿಂದ ಬಂದು, "ನಮ್ಮನೇಲಿ ಚರ್ಮ ಮೈಗೆ ಹಾಕಲ್ಲ" ಎಂದರು. ಕೊನೆಗೆ ಮಂಚಕ್ಕೆ ಹೆಣೆಯುವ ನವಾರಿನ ಪಟ್ಟಿ ಗೊತ್ತಾಯಿತು. ಅದನ್ನು ಹೊಲಿಯುವ ಕೆಲಸ ಶಿವಗಂಗಮ್ಮ ತಾವೇ ಕೇಳಿ ಪಡೆದರು.

ಜಯಮಾಲಾ ಆ ಸಂಜೆ, ಹೊತ್ತು ಮುಳುಗುವ ಮುಂಚಿನ ಊಟ ಬಡಿಸುತ್ತಾ ಗಂಡನನ್ನು ಕೇಳಿದರು: "ಏನ್ರೀ, ನಾವು ಸೋಸದ ನೀರಲ್ಲಿ ಕಾಲೂ ತೊಳೆಯಲ್ಲ. ನೀವು ಕೆರೆಗೇ ಇಳಿತೀರಂತೆ. ಬಾಯಿಗೆ ಹೋದ್ರೆ?"

"ಪ್ಲೇಟು ಇನ್ನೂ ಆಗಿಲ್ಲವಲ್ಲ" ಎಂದರು ಚಂದ್ರನಾಥರು.

"ಆದ್ರೆ?"

"ಕಲ್ಲೇಶಪ್ಪ ಅಲ್ವೇನೇ ಮಾಡ್ತಿರೋದು."

ಆದರೆ ಕಲ್ಲೇಶಪ್ಪ ಗಣಪತಿಯನ್ನು ಪಕ್ಕಕ್ಕಿಟ್ಟಿದ್ದರು. ಬೀದಿಯವರು ಹೋಗಿ ಬರುವಾಗಲೆಲ್ಲ, "ಪಾಪ ಕಣಯ್ಯಾ, ಆ ಹೆಣ್ಣುಮಗಳ ಮಿಷನ್ನು ನೀರಾಗೆ ಕೊಳೀತೈತೆ" ಎನ್ನುತ್ತಿದ್ದರು. ಕಲ್ಲೇಶಪ್ಪ ಜೀವಮಾನದಲ್ಲೇ ಮೊದಲ ಸಲ ಒಂದು ಕೆಲಸವನ್ನು ಹೇಳಿದ ಹೊತ್ತಿಗೆ ಮುಗಿಸಿದರು. ಇಬ್ಬರು ಹೊತ್ತು ತಂದು ಸೊಸೈಟಿಯ ಜಗಲಿಯ ಮೇಲೆ ಇಳಿಸಿದಾಗ ಜನ ಸುತ್ತ ಮುತ್ತಿಕೊಂಡರು. ಬೆನ್ನಿನ ಬಾಗು ಚಂದ್ರನಾಥರ ಬೆನ್ನಿನದೇ. ನಡುವೆ ಕಾಲುವೆ. ಪಟ್ಟಿ ತೂರಲು ಅಚ್ಚುಕಟ್ಟಾದ ತೂತುಗಳು. ಸುತ್ತ ಬಳ್ಳಿಯ ಅಂಚು, ಕೆಳಗೆ ಸಾಲು ಹಂಸ, ತಲೆಯ ಹತ್ತಿರ ಕಣ್ಣು ಬಿಟ್ಟುಕೊಂಡ ಒಂದು ಸಿಂಹದ ಮುಖ.

"ಈ ಸಿಂಹ ಯಾಕಯ್ಯಾ?" ಎಂದು ಚಂದ್ರನಾಥರು ಕ್ಷೀಣವಾಗಿ ಕೇಳಿದರು.

"ಹಿಂದ್ಗಡೆ ಬೋಳು ಬೋಳು ಕಾಣ್ತಿತ್ತು. ನೀರಾಗೆ ಯಾರು ನೋಡ್ತಾರೆ ಅಂತ ಬುಡೋಕಾಯ್ತದಾ?"

ಅದರಲ್ಲಿ ಒಂದು ದೋಷವನ್ನಾದರೂ ಕಾಣಬೇಕೆಂದು ಚಂದ್ರನಾಥರು ಜಗಲಿಯ ಮೇಲೆ ಕೂತು ಕಲ್ಲನ್ನು ಸವರಿದರು, ತಿರುಗಿಸಿ ಸವರಿದರು. ಸಾಹೇಬ ಹೇಳಿದ ಲಕ್ಷಣಗಳೆಲ್ಲ ಅದರಲ್ಲಿದ್ದವು. ಭಾರ ಮಾತ್ರ ಬೇಕಾದ್ದಕ್ಕಿಂತ ಬಹಳ ಹೆಚ್ಚು. ಆದರೆ ಭಾರ ಬೇಕು ಬೇಕು ಎಂದು ಊರಿಗೆಲ್ಲ ಸಾರಿದವರು ತಾವೇ ಆಗಿದ್ದರು.

ಇನ್ನು ನಿಜ ಹೇಳಿಬಿಡುವುದೇ ಸರಿ ಎಂದು ತೀರ್ಮಾನಿಸಿ ಅವರು ಮಧ್ಯಾಹ್ನ ಶಿವಗಂಗಮ್ಮನ ಮನೆಗೆ ಹೋದರು. ಆಕೆ ಬಾಗಿಲ ಬೆಳಕಿಗೆ ಕೂತು ನವಾರು ಹೊಲಿಯುತ್ತಿದ್ದರು. ಗೋಡೆಯ ಪಕ್ಕ ಮಿಷನ್ನು ಇದ್ದ ಜಾಗ ಖಾಲಿಯಾಗಿ, ನೆಲದಲ್ಲಿ ಅದರ ಕಾಲುಗಳ ಗುರುತು ಕಾಣುತ್ತಿತ್ತು. ನವಾರು ಗಟ್ಟಿ, ಸೂಜಿ ಸುಲಭವಾಗಿ ಇಳಿಯುವುದಿಲ್ಲ. ಆಕೆಯ ಬೆರಳುಗಳ ತುದಿಗೆಲ್ಲ ಬಟ್ಟೆಯ ಚೂರು ಸುತ್ತಿತ್ತು.

"ಶಿವಗಂಗಮ್ಮಾ, ನಾನು ನಿಮಗೆ ಒಂದು ಮಾತು ಹೇಳಬೇಕು."

"ನಾನೇ ಮೊದ್ಲು ಹೇಳ್ಬುಡ್ತೀನಿ ಸೆಕ್ರೆಟ್ರಿಗಳೇ" ಎಂದರು ಆಕೆ, ಎದ್ದು ನಿಂತು. "ಸ್ಕೂಲ್ ಮಕ್ಕಳ ಯೂನಿಫಾರಂ ಬಟ್ಟೆ ತಂದಿದ್ದೋರು ಎಲ್ಲಾ ವಾಪಸ್ ತಗಂಡೋದ್ರು. ತಪ್ಪಲ್ಲ, ಅವರ್ಗೂ ಆತ್ರ. ನಮ್ಮಣ್ಣ ಹಾರನಹಳ್ಳಿಯಿಂದ ಬಂದು, ಮನೆ ಬಿಟ್ಟು ಬಾ, ನಮ್ಮನೇಲಿ ಗೇಯ್ಕಂಡಿರು ಅಂದ. ಒಲ್ಲೆ ಅಂದೆ. ಸೆಕ್ರೆಟ್ರಿಗಳು ತೆಕ್ಕೊಡ್ತೀನಿ ಅಂದವ್ರೆ, ಅವರು ಸುಳ್ಳು ಹೇಳೋ ಕುಲದೋರಲ್ಲ ಅಂದೆ. ಈಗ ನೀವ್ ಹೇಳಿ."

ನಿಜವಾಗಿ ಚಂದ್ರನಾಥರು ತೆಗೆದುಕೊಡುತ್ತೇನೆಂದು ಎಲ್ಲೂ ಹೇಳಿರಲಿಲ್ಲ. ಆ ಸಮಾಧಾನ ಈಗ ಅವರಿಗೆ ನಾಚಿಕೆಗೇಡಾಗಿ ಕಂಡಿತು. ಪ್ಲೇಟಿನ ನೆಪದಲ್ಲಿ ತಾವು ಕಳೆದ ಒಂದೊಂದು ದಿನವೂ ಮಿಷನ್ನಿಗೆ ತುಕ್ಕು ಹಿಡಿಸುತ್ತಿತ್ತೆಂಬುದು ಅವರಿಗೆ ಅಂದೇ ಮೊದಲು ಹೊಳೆದದ್ದು. "ಎಡಗಡೆ ಪಟ್ಟಿ ಸ್ವಲ್ಪ ಬಿಗಿ ಇರಲಿ, ಅಷ್ಟೇ ಹೇಳೋಣ ಅಂತ ಬಂದೆ" ಎಂದರು. ಅವರು ಬಾಯಿಬಿಟ್ಟು ಆಡಿದ ಮೊದಲ ಸುಳ್ಳು ಅದು.

ಮಾರನೆಯ ಬೆಳಿಗ್ಗೆ ಕೆರೆ ಏರಿಯ ಮೇಲೆ ನಿಲ್ಲಲು ಜಾಗವಿರಲಿಲ್ಲ. ಬಸ್ತಿಹಳ್ಳಿಯವರು, ಬೇಲೂರಿನಿಂದ ಪದ್ಮಣ್ಣನವರ ಗಿರಾಕಿಗಳು, ದೇವಸ್ಥಾನ ನೋಡಲು ಬಂದು ಅದನ್ನು ಬಿಟ್ಟು ಇದನ್ನು ನೋಡಲು ನಿಂತ ಟೂರಿಸ್ಟರು, ಎಲ್ಲರೂ ಸೇರಿದ್ದರು. ನೀರಿನ ಮೇಲೆ ಇನ್ನೂ ಮಂಜು ಇತ್ತು. ಚಂದ್ರನಾಥರಿಗೆ ಹಣೆಯವರೆಗೂ ಮುಚ್ಚುವ ರಬ್ಬರಿನ ಅಂಗಿ ತೊಡಿಸಿ, ನಾಲ್ಕು ಜನ ಸೇರಿ ಕಲ್ಲನ್ನು ಬೆನ್ನಿಗೆ ಎತ್ತಿ, ಪಟ್ಟಿ ಬಿಗಿದು, ವಿಂಗಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿದರು. ಆಗ ದಫೇದಾರ್ ಹೊನ್ನಯ್ಯನವರು ಜನರನ್ನು ಸರಿಸಿಕೊಂಡು ಬಂದರು.

"ಇದೇನ್ರೀ ಇದು?"

"ಪ್ಲೇಟು" ಎಂದರು ದೇವೀರಪ್ಪ.

"ಬೆನ್ನಿಗೆ ಕಲ್ಲು ಕಟ್ಕೊಂಡು ಕೆರೆಗೆ ಇಳಿಯೋದಕ್ಕೆ ನಮ್ಮ ಕಾನೂನಲ್ಲಿ ಬೇರೆ ಹೆಸರಿದೆ. ನಾನು ಕೇಸು ಬರೀಬೇಕಾಗುತ್ತೆ."

ಚಂದ್ರನಾಥರು ಆಸೆಯಿಂದ ಅವರ ಕಡೆ ತಿರುಗಿದರು. ಬಾಯಲ್ಲಿ ರಬ್ಬರಿನ ಕೊಳವೆ ಇದ್ದುದರಿಂದ ಏನೂ ಹೇಳಲಾಗಲಿಲ್ಲ.

"ಚಳಿನೀರಿಗೆ ಭಾರ ಬೇಕು ದಫೇದಾರ್ರೇ. ಬಿಸಿಲು ದೇಶದೋರಿಗಾದ್ರೆ ಹಗುರ ಸಾಕು" ಎಂದು ಪದ್ಮಣ್ಣನವರು ಶಾಸ್ತ್ರ ವಿವರಿಸಿದರು. ಹೊನ್ನಯ್ಯನವರು ಪ್ಲೇಟನ್ನು ಸುತ್ತು ಹಾಕಿ ನೋಡಿ, ಸಿಂಹದ ಮುಖದ ಹತ್ತಿರ ನಿಂತು, "ಕೆಲಸ ಚೆನ್ನಾಗಿದೆ. ಇದನ್ನ ದೇವಸ್ಥಾನದಿಂದ ಕಿತ್ತಿಲ್ಲ ತಾನೇ?" ಎಂದರು. ಇಲ್ಲವೆಂದು ಕಲ್ಲೇಶಪ್ಪ ಪ್ರಮಾಣ ಮಾಡಿದ ಮೇಲೆ ಪಕ್ಕಕ್ಕೆ ಸರಿದರು.

ಪ್ಲೇಟಿನ ತಲೆಗೆ ಕಟ್ಟಿದ ಹಗ್ಗದ ಸಂಕೇತವನ್ನು ಚಂದ್ರನಾಥರು ಮೊದಲೇ ಕಲಿಸಿದ್ದರು. ಒಂದು ಜಗ್ಗಿದರೆ ಕ್ಷೇಮ, ಎರಡು ಜಗ್ಗಿದರೆ ಹಗ್ಗ ಬಿಡಿ, ಮೂರು ಜಗ್ಗಿದರೆ ಮೇಲಕ್ಕೆಳೆಯಿರಿ. ಜಯಮಾಲಾ ಆರತಿ ಎತ್ತಿ, ಗಂಡನ ರಬ್ಬರಿನ ಹಣೆಗೆ ಕುಂಕುಮ ಇಡಲು ನೋಡಿದರು, ಅದು ಅಂಟಲಿಲ್ಲ. "ಬಾಯಿ ಗಟ್ಟಿಯಾಗಿ ಮುಚ್ಕೊಂಡಿರಿ" ಎಂದು ಮಾತ್ರ ಹೇಳಿದರು.

ಚಂದ್ರನಾಥರು ನೀರಿನಲ್ಲಿ ಸೊಂಟದವರೆಗೆ ನಡೆದರು. ವಿಂಗು ಅವರನ್ನು ಎತ್ತಿ ಹಿಡಿಯಿತು. ತೇಲುತ್ತಾ ಮಡುವಿನ ನೇರಕ್ಕೆ ಬಂದರು. ಇನ್ನು ಸ್ವಲ್ಪ ಸ್ವಲ್ಪವಾಗಿ ಗಾಳಿ ಬಿಟ್ಟು ಇಳಿಯಬೇಕು ಎಂಬುದು ಸಾಹೇಬನ ಪಾಠ. ಪಾಠದಂತೆ ಅವರು ಮೆಲ್ಲಗೆ ದಾರ ಎಳೆದರು. ಚಳಿಗೆ ಮರಗಟ್ಟಿದ ಬೆರಳು ಜೋರಾಗಿಯೇ ಎಳೆಯಿತು. ಬಿರಟೆ ಪೂರಾ ಕಿತ್ತುಬಂತು. ಬುಸ್ಸೆಂದು ಒಂದು ಶಬ್ದವಾಗಿ, ಚಂದ್ರನಾಥರು ಇದ್ದ ಜಾಗದಲ್ಲಿ ಬರೀ ಗುಳ್ಳೆ ಕಾಣಿಸಿದವು.

"ಆಹಾ, ಹೆಂಗೆ ಇಳುದ್ರು ನೋಡ್ರಯ್ಯಾ! ಅಭ್ಯಾಸ ಅಂದ್ರೆ ಅದು" ಎಂದರು ದೇವೀರಪ್ಪ.

ಕೆಳಗೆ ಹಸಿರು ಬಂತು, ಕಂದು ಬಂತು, ಆಮೇಲೆ ಏನೂ ಇಲ್ಲ. ಕಲ್ಲು ಅವರನ್ನು ಕೆಸರಿನಲ್ಲಿ ಅಂಗಾತ ಮಲಗಿಸಿತು. ತಾವು ಸತ್ತೆವೆಂದು ಚಂದ್ರನಾಥರು ಖಚಿತವಾಗಿ ತಿಳಿದು ಪಂಚ ಪರಮೇಷ್ಠಿಗಳನ್ನು ನೆನೆದರು. ಸ್ವಲ್ಪ ಹೊತ್ತಾದ ಮೇಲೂ ನೆನೆಯುತ್ತಲೇ ಇದ್ದೇನಲ್ಲ ಎಂದು ಗಮನಿಸಿದಾಗ, ತಾವು ಉಸಿರಾಡುತ್ತಿರುವುದು ತಮ್ಮ ಕಿವಿಗೇ ಕೇಳಿಸಿತು. ಮಂಗಳೂರಿನಲ್ಲಿ ಅಷ್ಟು ಸಲ ತೊಳೆದು ಒಣಹಾಕಿದ ಆ ಯಂತ್ರ ಗಾಳಿ ಕೊಡುತ್ತಿತ್ತು. ಒಂದು ಕ್ಷಣ ಅವರಿಗೆ ಸಂತೋಷವೇ ಆಯಿತು. ಎದ್ದು ಕೂರಲು ನೋಡಿದರು, ಆಗಲಿಲ್ಲ. ಕೈ ಬೀಸಿದರೆ ಕಬ್ಬಿಣ ತಗಲಿತು. ಮಿಷನ್ನಿನ ಚಕ್ರ ಪಕ್ಕದಲ್ಲೇ ಇತ್ತು, ಎದೆಯ ಪಟ್ಟಿ ಅದರ ಕಾಲಿಗೆ ಸಿಕ್ಕಿಹಾಕಿಕೊಂಡಿತ್ತು. ಅವರು ಹಗ್ಗ ಜಗ್ಗಿದರು. ಇನ್ನೊಮ್ಮೆ ಜಗ್ಗಿದರು. ಆಮೇಲೆ ಲೆಕ್ಕ ತಪ್ಪಿ ಜಗ್ಗಿದರು.

ಮೇಲೆ ಹಗ್ಗ ಹಿಡಿದಿದ್ದ ದೇವೀರಪ್ಪ, "ಒಂದು. ಕ್ಷೇಮ" ಎಂದರು.

"ಎಲ್ಡು ಕಣ್ರೀ ಚೇರ್ಮನ್ರೇ, ಹಗ್ಗ ಬುಡಿ" ಎಂದ ಗಿಡ್ಡಪ್ಪ.

"ಮೂರು ಆದವಲ್ರೀ!" ಎಂದರು ಪದ್ಮಣ್ಣನವರು.

"ಮೂರಾದ ಮೇಲೆ ಇನ್ನೂ ಎರಡು ಆಯ್ತಲ್ಲ, ಐದಕ್ಕೆ ಏನು ಅಂತ ಹೇಳಿದ್ರು?" ಎಂದು ದಫೇದಾರರು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಮೂರು ಎರಡು ಬೇರೆ ಬೇರೆ ಎಂದು ಕೆಲವರು, ಐದರಲ್ಲಿ ಎರಡು ಕಳೆಯಬೇಕೆಂದು ಕೆಲವರು ವಾದಕ್ಕೆ ನಿಂತರು. "ಮಿಷನ್ನು ಸಿಕ್ಕೈತೋ ಇಲ್ವೋ ತಿಳ್ಕಂಡು ಎಳೀಬೇಕು. ಸುಮ್ ಸುಮ್ನೆ ಎಳುದ್ರೆ ಅವರ ಕೆಲ್ಸ ಕೆಡ್ತದೆ" ಎಂದು ದೇವೀರಪ್ಪ ಹಗ್ಗವನ್ನು ಬಿಗಿಹಿಡಿದರು.

ಶಿವಗಂಗಮ್ಮ ಜನರನ್ನು ನೂಕಿಕೊಂಡು ಬಂದು ಹಗ್ಗಕ್ಕೆ ಕೈ ಹಾಕಿದರು. "ಮಿಷನ್ನು ಮನೆ ಹಾಳಾಗ್ಲಿ! ಎಳೀರೋ ಮೊದ್ಲು! ಎಳೀರೋ!" ಎಂದು ಕಿರುಚಿದರು. ಆ ದನಿಗೆ ದಫೇದಾರರು ಕೂಡ ಟೋಪಿ ಬಿಸಾಕಿ ಹಗ್ಗ ಹಿಡಿದರು. ಹಗ್ಗ ಬರಲಿಲ್ಲ. ಗಿಡ್ಡಪ್ಪ ಓಡಿಹೋಗಿ ಎತ್ತು ಹೊಡೆದುಕೊಂಡು ಬಂದು ಹಗ್ಗದ ತುದಿಯನ್ನು ನೊಗಕ್ಕೆ ಬಿಗಿದ. ಎತ್ತುಗಳು ಏರಿಯ ಮೇಲೆ ಹೆಜ್ಜೆ ಹಾಕಿದಂತೆ ನೀರಿನಿಂದ ಮೊದಲು ಸಿಂಹದ ಮುಖ ಎದ್ದಿತು, ಅದರ ಹಿಂದೆ ಚಂದ್ರನಾಥರು, ಅವರ ಎದೆಗೆ ಸಿಕ್ಕಿಕೊಂಡು ಪಾಚಿ ಸುತ್ತಿದ ಹೊಲಿಗೆ ಮಿಷನ್ನು.

ಏರಿ ಬಿರಿಯುವಂತೆ ಕೂಗು ಎದ್ದಿತು. ಚಂದ್ರನಾಥರನ್ನು ಕಲ್ಲಿನ ಮೇಲೆ ಕೂರಿಸಿ ಕೊಳವೆ ತೆಗೆದರು. ಹಲ್ಲು ಕಟಕಟ ಎನ್ನುತ್ತಿತ್ತು. ಅವರು ಕೈಯೆತ್ತಿ ಜನರನ್ನು ಸುಮ್ಮನಿರಿಸಿದರು.

"ನಾನು ಇದಕ್ಕೆ ಮುಂಚೆ ಒಂದ್ಸಲಾನೂ ನೀರಲ್ಲಿ ಮುಳುಗಿದೋನಲ್ಲ. ಮಂಗಳೂರಲ್ಲಿ ನಾನಿದ್ದದ್ದು ಸ್ಟೋರಲ್ಲಿ. ಸಾಮಾನು ತೊಳೀತಿದ್ದೆ" ಎಂದರು.

ದೇವೀರಪ್ಪ ಎರಡೂ ಕೈ ಜೋಡಿಸಿದರು. "ನೋಡ್ರಪ್ಪಾ, ನೋಡಿ ಕಲೀರಿ. ಇಷ್ಟು ಮಾಡಿ, ಏನೂ ಮಾಡಿಲ್ಲ ಅಂತವ್ರೆ!" ಜನ ಚಪ್ಪಾಳೆ ತಟ್ಟಿದರು. "ನಿಜವಾಗಿ ಹೇಳ್ತಿದೀನಿ" ಎಂದು ಚಂದ್ರನಾಥರು ಕೂಗಿದರು. ಚಪ್ಪಾಳೆ ಇನ್ನೂ ಜೋರಾಯಿತು. ಪದ್ಮಣ್ಣನವರು ಕಣ್ಣೊರೆಸಿಕೊಂಡು, "ನಮ್ಮ ಅಳಿಯಂದಿರಿಗೆ ಜಂಬ ಅನ್ನೋದೇ ಇಲ್ಲ" ಎಂದರು.

ಶಿವಗಂಗಮ್ಮ ಚಪ್ಪಾಳೆ ತಟ್ಟಲಿಲ್ಲ. ಮಿಷನ್ನಿನ ಕಡೆಗೆ ನೋಡಲೂ ಇಲ್ಲ. ನೇರವಾಗಿ ಬಂದು ಚಂದ್ರನಾಥರ ಎದುರಿಗೆ ನಿಂತರು.

"ನಿಜವೇ?"

"ನಿಜ."

"ಈಜು ಬತ್ತದಾ?"

"ಇಲ್ಲಮ್ಮ."

ಆಕೆಯ ಮುಖ ಬಿಳಿಚಿತು. "ನಿಮಗೇನು ಬುದ್ದಿ ಗಿದ್ದಿ ಐತೇನ್ರೀ?" ಎಂದು ಶುರು ಮಾಡಿದರು. "ಒಂದು ತುಂಡು ಕಬ್ಬಿಣಕ್ಕೆ ಜೀವ ಬುಡೋಕೆ ಹೋಗಿದ್ರಾ? ಅಲ್ಲಿ ನೋಡ್ರಿ, ಜಯಮಾಲಮ್ಮ ಕುಂಕುಮದ ತಟ್ಟೆ ಹಿಡ್ಕಂಡು ನಿಂತವ್ರೆ. ಆ ತಟ್ಟೆ ಮುಟ್ಟದಂಗೆ ನಾನೊಬ್ಳು ಕುಂತಿರೋದು ಸಾಲ್ದಾ ಈ ಊರಿಗೆ? ಆ ಪಟ್ಟಿ ಹೊಲುದಿದ್ದು ಯಾರ ಕೈ? ನನ್ನ ಕೈ ಕಣ್ರೀ! ನನ್ನ ಕೈಯಾಗೇ ಇನ್ನೊಬ್ಳನ್ನ ನನ್ನಂಗೆ ಮಾಡಿಸ್ತಿದ್ರಲ್ಲ, ನಿಮಗೆ ಒಳ್ಳೇದಾಗ್ತದಾ?"

ಸಂತೋಷಕ್ಕೆ ಪಾಪ ತಲೆ ಕೆಟ್ಟಿತು ಎಂದು ದೇವೀರಪ್ಪ ಪಕ್ಕದವರಿಗೆ ಹೇಳಿದರು. ಆಕೆ ನಿಲ್ಲಿಸಲಿಲ್ಲ. ಬೈಯುತ್ತಲೇ ತಮ್ಮ ಸೆರಗಿನಿಂದ ಚಂದ್ರನಾಥರ ಮುಖ ಒರೆಸಿದರು, ಬೈಯುತ್ತಲೇ ಬಟ್ಟೆ ಸುತ್ತಿದ ಬೆರಳುಗಳಿಂದ ನವಾರಿನ ಗಂಟುಗಳನ್ನು ಬಿಚ್ಚಿ ಆ ಕಲ್ಲನ್ನು ಅವರ ಬೆನ್ನಿನಿಂದ ಇಳಿಸಿದರು. ಕಣ್ಣಿಂದ ನೀರು ಸುರಿಯುತ್ತಿತ್ತು. ಜಯಮಾಲಾ ತಟ್ಟೆಯನ್ನು ಕೆಳಗಿಟ್ಟು ಬಂದು ಆಕೆಯ ಭುಜ ಹಿಡಿದುಕೊಂಡರು, ಅವರೂ ಅಳುತ್ತಿದ್ದರು.

ಸುತ್ತ ಜನ ಇನ್ನೂ ಚಂದ್ರನಾಥರ ಹೆಸರು ಹಿಡಿದು ಜೈ ಎನ್ನುತ್ತಿದ್ದರು. ಅವರು ಅದೊಂದನ್ನೂ ಕೇಳಲಿಲ್ಲ. ತಲೆ ಬಗ್ಗಿಸಿ, ಕೈಮುಗಿದು, ತಮ್ಮ ಮಾತನ್ನು ನಂಬಿದ ಆ ಒಬ್ಬ ಹೆಂಗಸು ಬೈದು ಮುಗಿಸುವವರೆಗೂ ಕೂತಿದ್ದರು.